ಲೇತ್‌ನ ಫೀಡ್ ಲಿವರ್ ಜಾಮ್ ಆದರೆ: ಪೈಪ್ ಹಾಕುವ ಮೊದಲು ಮಾಡಬೇಕಾದ ಕೆಲಸಗಳು

ತೊಗರಿ ಸುಗ್ಗಿ ಮುಗಿದು ಬೇಳೆ ಮಿಲ್‌ಗಳು ಹಗಲು ರಾತ್ರಿ ಓಡುತ್ತಿದ್ದ ಸಮಯ. ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ಒಂದು ಶೆಡ್‌ನಿಂದ ಹುಡುಗನೊಬ್ಬ ಫೋನ್ ಮಾಡಿದ. "ಕಾಕಾ, ಫೀಡ್ ಲಿವರ್ ಹಿಡ್ಕೊಂಡದ್ರಿ. ಏನ್ ಮಾಡಿದ್ರೂ ಅಲುಗಾಡವಲ್ದು." ಲೋಹದ ತುಂಡನ್ನು ತಿರುಗಿಸಿ ಕೊಯ್ಯುವ ಲೇತ್‌ನಲ್ಲಿ ಟೂಲ್ ತಾನಾಗೇ ಮುಂದೆ ಹೋಗುವಂತೆ ಮಾಡುವುದು ಈ ಲಿವರ್. ಏನೂ ಮಾಡಬೇಡಪ್ಪ, ಬರ್ತೀನಿ ಅಂದೆ. ನಾನು ಹೋಗುವಷ್ಟರಲ್ಲಿ ಲಿವರ್‌ಗೆ ಎರಡು ಅಡಿ ಪೈಪ್ ಹಾಕಿ ಜಗ್ಗಿಯಾಗಿತ್ತು. ಲಿವರ್ ಕೂರುವ ಬೀಡಿನ (ಎರಕದ ಕಬ್ಬಿಣದ) ಬುಡ ಸೀಳಿತ್ತು. ನಿಜವಾದ ತೊಂದರೆ ಅಂದರೆ ಥ್ರೆಡ್ ಕಟಿಂಗ್ ಲಿವರ್ ಪೂರ್ತಿ ಬಿಟ್ಟಿರಲಿಲ್ಲ, ಅಷ್ಟೇ. ಎರಡು ಸೆಕೆಂಡಿನ ಕೆಲಸ. ಅದಕ್ಕೆ ಏಪ್ರನ್ (ಲಿವರ್, ಗೇರ್ ಇರುವ ಮುಂದಿನ ಪೆಟ್ಟಿಗೆ) ಇಳಿಸಿ, ಬೀಡು ವೆಲ್ಡ್ ಮಾಡಿಸಿ, ಮತ್ತೆ ಬೋರ್ ಮಾಡಿ ಕೂಡಿಸುವ ಹೊತ್ತಿಗೆ ಆರು ದಿನ ಹೋದವು. ಮಿಲ್‌ನವರ ಶಾಫ್ಟ್ ಬೇರೆ ಕಡೆ ಹೋಯಿತು.

ಇಂಥದ್ದನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ತಪ್ಪು ಕೈಬಲದ್ದಲ್ಲ, ಕ್ರಮದ್ದು. ಲಿವರ್ ಹಿಡಿಯುವುದಕ್ಕೆ ಮೂರು ಬಗೆಯ ಕಾರಣ ಇವೆ: ಯಾವುದೋ ಲಾಕ್ ಬಿದ್ದಿರುತ್ತದೆ, ಗೇರ್ ಮೇಲೆ ಭಾರ ಕೂತಿರುತ್ತದೆ, ಇಲ್ಲವೇ ಒಳಗೆ ಕೊಳೆ ತುಂಬಿ ಅಥವಾ ಏನೋ ಮುರಿದು ಸಿಕ್ಕಿಕೊಂಡಿರುತ್ತದೆ. ಮೊದಲ ಎರಡಕ್ಕೆ ಒಂದು ಬೋಲ್ಟ್ ಕೂಡ ಬಿಚ್ಚಬೇಕಿಲ್ಲ ಅಥವಾ ಒಂದೇ ಒಂದು ನಟ್ ಸಾಕು. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ಲಿವರ್ ಯಾವ ಹಂತದಲ್ಲಿ ಬಿಟ್ಟುಕೊಳ್ಳುತ್ತದೋ, ಕಾರಣ ಅಲ್ಲೇ ಇದೆ ಅಂತ ಅರ್ಥ.

ಹಿಡಿದಿರುವುದು ಯಾವ ಲಿವರ್?

"ಫೀಡ್ ಲಿವರ್" ಅಂತ ಜನ ನಾಲ್ಕು ಬೇರೆ ಬೇರೆ ಲಿವರ್‌ಗಳನ್ನು ಕರೆಯುತ್ತಾರೆ. ಹೆಡ್‌ಸ್ಟಾಕ್‌ನ (ಜಾಬ್, ಅಂದರೆ ಕೊಯ್ಯುವ ತುಂಡನ್ನು ತಿರುಗಿಸುವ ಸ್ಪಿಂಡಲ್ ಇರುವ ಭಾಗ) ಎಡಗಡೆ ಫೀಡ್ ದಿಕ್ಕು ಬದಲಿಸುವ ಲಿವರ್ ಇದೆ. ಅದಕ್ಕೆ ಮುಂದೆ, ನ್ಯೂಟ್ರಲ್, ಹಿಂದೆ ಅಂತ ಮೂರು ಜಾಗ. ಅದರ ಕೆಳಗೆ ಫೀಡ್ ಗೇರ್‌ಬಾಕ್ಸ್ ಲಿವರ್‌ಗಳು. ಟೂಲ್ ಹೊತ್ತು ಬೆಡ್ ಮೇಲೆ ಜಾರುವುದು ಸ್ಯಾಡಲ್. ಅದರ ಮುಂದೆ ತೂಗುವ ಏಪ್ರನ್‌ನಲ್ಲಿ ಎರಡು: ಆಟೋ ಫೀಡ್ ಲಿವರ್ ಒಂದು, ಥ್ರೆಡ್‌ಗೆ ಬಳಸುವ ಹಾಫ್ ನಟ್ (ಲೀಡ್ ಸ್ಕ್ರೂ ಅನ್ನುವ ಉದ್ದ ಸ್ಕ್ರೂವನ್ನು ಕಚ್ಚುವ ಎರಡು ಹೋಳಿನ ನಟ್) ಲಿವರ್ ಇನ್ನೊಂದು. ಇವುಗಳ ಜೊತೆ ಉದ್ದ ಫೀಡಾ ಅಡ್ಡ ಫೀಡಾ ಅಂತ ಆರಿಸುವ ನಾಬ್.

ಚಾಲನೆ ಹರಿದು ಬರುವ ದಾರಿ ಒಮ್ಮೆ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಸ್ಪಿಂಡಲ್, ಅಲ್ಲಿಂದ ದಿಕ್ಕು ಬದಲಿಸುವ ಗೇರ್, ಅಲ್ಲಿಂದ ಚೇಂಜ್ ಗೇರ್‌ಗಳು, ಗೇರ್‌ಬಾಕ್ಸ್, ಫೀಡ್ ಶಾಫ್ಟ್, ಕೊನೆಗೆ ಏಪ್ರನ್ ಒಳಗಿನ ವರ್ಮ್ (ಸ್ಕ್ರೂ ಥರದ ಗೇರ್) ಮತ್ತು ಅದು ತಿರುಗಿಸುವ ವರ್ಮ್ ವೀಲ್. ಈ ಸರಪಳಿಯಲ್ಲಿ ಎಲ್ಲಿ ಬಿಗಿ ಬಿದ್ದರೂ ಏಪ್ರನ್‌ನ ಲಿವರ್ ಗಟ್ಟಿಯಾಗುತ್ತದೆ. ಲಿವರ್ ಹಿಡಿದಿದೆ ಅಂದ ಮಾತ್ರಕ್ಕೆ ದೋಷ ಲಿವರ್‌ನಲ್ಲೇ ಇರಬೇಕಿಲ್ಲ.

ನಾನು ಮುಖ್ಯವಾಗಿ ಏಪ್ರನ್‌ನ ಆಟೋ ಫೀಡ್ ಲಿವರ್ ಬಗ್ಗೆ ಬರೆಯುತ್ತಿದ್ದೇನೆ. ನಮ್ಮ ಕಡೆ ಶೆಡ್‌ಗಳಲ್ಲಿ ಇರುವುದು ಬಹುತೇಕ ಬಟಾಲಾ, ರಾಜಕೋಟ್ ಕಡೆಯಿಂದ ಬಂದ ಬೆಲ್ಟ್ ಲೇತ್ ಅಥವಾ ಆಲ್ ಗೇರ್ ಲೇತ್. ಎಲ್ಲದರ ಒಳಗಿನ ಜೋಡಣೆ ಒಂದೇ ಥರ ಇರಲ್ಲ. ಆದರೆ ಹುಡುಕುವ ಕ್ರಮ ಒಂದೇ.

ಬೇಕಾದ ಸಾಮಾನು

ಮೊದಲ ಐದು ಹಂತಗಳಿಗೆ ಜಾಸ್ತಿ ಏನೂ ಬೇಡ. ಒಂದು ಒಳ್ಳೆ ಟಾರ್ಚ್, ಪೇಂಟ್ ಬ್ರಷ್, ಸೀಮೆಎಣ್ಣೆ ಅಥವಾ ಡೀಸೆಲ್, ಎಣ್ಣೆ ಕ್ಯಾನ್, ಬುರಾದ (ಕೊಯ್ದ ಲೋಹದ ಚೂರು) ತೆಗೆಯಲು ತಂತಿ ಕೊಕ್ಕೆ, ಉದ್ದ ಹಿಡಿಕೆಯ ಮ್ಯಾಗ್ನೆಟ್, ಒಂದು ಸೆಟ್ ಪಾನಾ, ಅಲೆನ್ ಕೀ, ನೈಲಾನ್ ಸುತ್ತಿಗೆ. ಕೈಯಿಂದ ಬುರಾದ ತೆಗೆಯಬೇಡಿ. ಸುರುಳಿ ಬುರಾದ ಬೆರಳನ್ನು ಬ್ಲೇಡ್‌ನಂತೆ ಕೊಯ್ಯುತ್ತದೆ.

ಏಪ್ರನ್ ಬಿಚ್ಚುವ ಹಂತ ಬಂದರೆ ಹಿತ್ತಾಳೆ ಸುತ್ತಿಗೆ (ನೈಲಾನ್ ಆದರೂ ಸರಿ), ಟೇಪರ್ ಪಿನ್ ಹೊಡೆಯುವ ಪಂಚ್, ಸರ್ಕ್ಲಿಪ್ ಪ್ಲೈಯರ್, ಡಯಲ್ ಗೇಜ್, ಮರದ ದಿಮ್ಮಿ, ಒಂದು ಜಾಕ್, ಎಣ್ಣೆ ಹಿಡಿಯಲು ಬುಟ್ಟಿ. ಫೋನ್ ಕೂಡ ಸಾಮಾನೇ. ಪ್ರತಿ ಭಾಗ ಬಿಚ್ಚುವ ಮೊದಲು ಒಂದು ಫೋಟೋ ತೆಗೆಯಿರಿ. ಮೂರು ದಿನ ಬಿಟ್ಟು ಕೂಡಿಸುವಾಗ ಯಾವ ವಾಷರ್ ಯಾವ ಕಡೆ ಇತ್ತು ಅಂತ ಯಾರಿಗೂ ನೆನಪಿರಲ್ಲ.

ಪೈಪ್, ಪೈಪ್ ಪಾನಾ, ಕಬ್ಬಿಣದ ಸುತ್ತಿಗೆ ಈ ಮೂರನ್ನು ಬೆಂಚಿನಿಂದ ದೂರ ಇಡಿ.

ಹಂತ 1: ನಿಲ್ಲಿಸಿ, ಕರೆಂಟ್ ತೆಗೆಯಿರಿ, ನೋಡಿ

ಫೀಡ್ ಹತ್ತಿರುವಾಗಲೇ (ಗೇರ್ ಕೂಡಿ ಫೀಡ್ ಓಡುತ್ತಿರುವಾಗಲೇ) ಲಿವರ್ ಹಿಡಿದು, ಸ್ಯಾಡಲ್ ಜಾಬ್ ಹಿಡಿಯುವ ಚಕ್ ಕಡೆ ಹೋಗುತ್ತಿದ್ದರೆ ಲಿವರ್ ಜೊತೆ ಗುದ್ದಾಡಬೇಡಿ. ತಕ್ಷಣ ಸ್ಟಾಪ್ ಒತ್ತಿ, ಬ್ರೇಕ್ ಪೆಡಲ್ ಇದ್ದರೆ ತುಳಿಯಿರಿ. ಜಗ್ಗಾಡುವ ಆ ನಾಲ್ಕು ಸೆಕೆಂಡಿನಲ್ಲೇ ಟೂಲ್ ಪೋಸ್ಟ್ ಚಕ್ ದವಡೆಗೆ ಬಡಿಯುತ್ತದೆ.

ನಿಂತ ಮೇಲೆ ಮೇನ್ ಸ್ವಿಚ್ ಅಥವಾ ಎಂಸಿಬಿ ಇಳಿಸಿ. ಮಶೀನ್‌ನ ಸ್ಟಾಪ್ ಬಟನ್ ಸಾಲದು. ಹಳೇ ಲೇತ್‌ಗಳಲ್ಲಿ ಡ್ರಮ್ ಸ್ವಿಚ್ ಇರುತ್ತದೆ. ಕರೆಂಟ್ ಹೋದರೂ ಅದು ಮುಂದಕ್ಕೇ ನಿಂತಿರುತ್ತದೆ. ಕರೆಂಟ್ ಬಂದ ಕೂಡಲೇ ಮಶೀನ್ ತಾನಾಗೇ ಓಡುತ್ತದೆ, ನಿಮ್ಮ ಕೈ ಗೇರ್ ಒಳಗಿದ್ದರೂ ಸರಿ. ನಮ್ಮಲ್ಲಿ ಬೇಸಿಗೆಯಲ್ಲಿ ಕರೆಂಟ್ ಹೋಗಿ ಬರುವುದು ದಿನದ ಮಾತು. ಇದನ್ನು ಮಾತ್ರ ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಚಕ್ ಕೀ ಚಕ್‌ನಲ್ಲೇ ಉಳಿದಿದೆಯಾ ಅದೂ ನೋಡಿ.

ಈಗ ಏನನ್ನೂ ಮುಟ್ಟದೆ ಎರಡು ನಿಮಿಷ ನೋಡಿ. ಲಿವರ್ ಹತ್ತಿದ ಜಾಗದಲ್ಲಿ ಹಿಡಿದಿದೆಯಾ, ಬಿಟ್ಟ ಜಾಗದಲ್ಲಾ, ನಡುವೆಯಾ? ಟೂಲ್ ಜಾಬ್ ಒಳಗೆ ಹೂತಿದೆಯಾ? ಸ್ಯಾಡಲ್ ಯಾವುದಕ್ಕಾದರೂ ತಾಗಿ ನಿಂತಿದೆಯಾ? ಈ ಮೂರು ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಲಿವರ್ ಹತ್ತಲ್ಲ ಅಂದರೆ ಹಂತ 2ರಲ್ಲಿ ಕಾರಣ ಸಿಗುವ ಸಂಭವ ಜಾಸ್ತಿ. ಬಿಡಲ್ಲ ಅಂದರೆ ಹಂತ 3.

ಹಂತ 2: ಲಾಕ್‌ಗಳನ್ನು ಒಂದೊಂದಾಗಿ ಬಿಡಿಸಿ

ಆಟೋ ಫೀಡ್ ಮತ್ತು ಹಾಫ್ ನಟ್ ಎರಡೂ ಒಟ್ಟಿಗೆ ಹತ್ತಿದರೆ ಏಪ್ರನ್ ಒಳಗೆ ಗೇರ್ ಒಡೆಯುತ್ತದೆ. ಯಾಕಂದರೆ ಒಂದು ಸ್ಯಾಡಲನ್ನು ಒಂದು ವೇಗದಲ್ಲಿ ಎಳೆಯುತ್ತದೆ, ಇನ್ನೊಂದು ಬೇರೆ ವೇಗದಲ್ಲಿ. ಅದಕ್ಕೇ ಎರಡರ ನಡುವೆ ಇಂಟರ್‌ಲಾಕ್ ಇಟ್ಟಿರುತ್ತಾರೆ. ಒಂದು ಹತ್ತಿದ್ದರೆ ಇನ್ನೊಂದು ಅಲುಗಬಾರದು. ಅಂದರೆ ಲಿವರ್ ಗಟ್ಟಿಯಾಗಿರುವುದು ಎಷ್ಟೋ ಸಲ ಮಶೀನ್ ಸರಿಯಾಗಿ ಕೆಲಸ ಮಾಡುತ್ತಿದೆ ಅನ್ನುವುದರ ಗುರುತು.

ಹಾಫ್ ನಟ್ ಲಿವರನ್ನು ಬಿಟ್ಟ ದಿಕ್ಕಿಗೆ ಕೊನೆಯ ತನಕ ಒತ್ತಿ ಹಿಡಿಯಿರಿ. ಇನ್ನೊಂದು ಕೈಯಿಂದ ಫೀಡ್ ಲಿವರ್ ಮೆಲ್ಲಗೆ ಆಡಿಸಿ. ಹಾಫ್ ನಟ್ ಲಿವರ್ ಕಣ್ಣಿಗೆ ಬಿಟ್ಟಂತೆ ಕಂಡರೂ ಕೂದಲೆಳೆಯಷ್ಟು ಉಳಿದಿದ್ದರೆ ಸಾಕು, ಇಂಟರ್‌ಲಾಕ್ ಪಿನ್ ತನ್ನ ಗುಳಿಗೆ ಬೀಳಲ್ಲ.

ಕೊನೆ ತನಕ ಒತ್ತಿದರೂ ಲಿವರ್ ಪೂರ್ತಿ ಹೋಗದಿದ್ದರೆ ಏಪ್ರನ್ ಹಿಂದೆ ಟಾರ್ಚ್ ಬಿಟ್ಟು ಹಾಫ್ ನಟ್ ಜಾರುವ ದಾರಿಯನ್ನು ನೋಡಿ. ಒಮ್ಮೆ ನನಗೆ ಇಲ್ಲಿ ಸಿಕ್ಕಿದ್ದು ಅಕ್ಕಿಕಾಳಿಗಿಂತ ಚಿಕ್ಕ ಬುರಾದ. ನೀಲಿಗಟ್ಟಿದ ಒಂದು ಸುರುಳಿ ತುಂಡು, ಮೇಲಿನ ನಟ್ ಮತ್ತು ಅದರ ಗೈಡ್ ನಡುವೆ ಅಡ್ಡ ಕೂತಿತ್ತು. ಮ್ಯಾಗ್ನೆಟ್‌ಗೆ ಬರಲಿಲ್ಲ, ಅಷ್ಟು ಬಿಗಿ. ಸೀಮೆಎಣ್ಣೆ ಬಿಟ್ಟು, ತಂತಿ ಕೊಕ್ಕೆಯಿಂದ ಕೆಳಗಿನಿಂದ ಮೇಲಕ್ಕೆ ಎಬ್ಬಿಸಿದಾಗ ಟಣ್ ಅಂತ ಟ್ರೇಗೆ ಬಿತ್ತು. ಲಿವರ್ ಅರ್ಧ ಬೆರಳು ಜಾಸ್ತಿ ಹೋಯಿತು, ಫೀಡ್ ಹತ್ತಿತು. ಮೂರು ದಿನದಿಂದ ಆ ಮಶೀನ್ ನಿಂತಿತ್ತು.

ಆಮೇಲೆ ಉದ್ದ ಫೀಡ್, ಅಡ್ಡ ಫೀಡ್ ಆರಿಸುವ ನಾಬ್. ಇದು ನಡುವೆ ನಿಂತರೂ ಲಿವರ್ ಹತ್ತಲ್ಲ. ಪೂರ್ತಿ ಒಳಗೆ ಅಥವಾ ಪೂರ್ತಿ ಹೊರಗೆ ತನ್ನಿ. ಸ್ಯಾಡಲ್ ಮೇಲಿನ ಲಾಕ್ ಬೋಲ್ಟ್ ಕೂಡ ಮರೆಯಬೇಡಿ. ಫೇಸಿಂಗ್ (ಜಾಬ್‌ನ ಮುಖ ಕೊಯ್ಯುವುದು) ಮಾಡುವಾಗ ಬಿಗಿದು, ಆಮೇಲೆ ಸಡಿಲಿಸದೇ ಉದ್ದ ಫೀಡ್ ಕೊಡುವುದು ಮಾಮೂಲಿ ತಪ್ಪು. ಆಗ ಲಿವರ್ ಹತ್ತುತ್ತದೆ, ಸ್ಯಾಡಲ್ ಹೋಗಲ್ಲ, ಭಾರವೆಲ್ಲ ಗೇರ್ ಮೇಲೆ ಬೀಳುತ್ತದೆ, ಲಿವರ್ ಅಲ್ಲೇ ಹಿಡಿಯುತ್ತದೆ.

ಹಂತ 3: ಭಾರ ಇಳಿಸಿ

ಇದು ಇಡೀ ಕೆಲಸದ ಜೀವ. ಸ್ವಲ್ಪ ನಿಧಾನವಾಗಿ ಓದಿ.

ಕಟ್ ನಡೆಯುವಾಗ ಕರೆಂಟ್ ಹೋದರೆ ಟೂಲ್ ಜಾಬ್ ಒಳಗೆ ಹೂತೇ ನಿಲ್ಲುತ್ತದೆ. ಸ್ಯಾಡಲ್ ಸ್ಟಾಪರ್‌ಗೋ ಟೇಲ್‌ಸ್ಟಾಕ್‌ಗೋ ಬಡಿದರೂ ಇದೇ ಕಥೆ. ಫೀಡ್ ಶಾಫ್ಟ್ ಸಣ್ಣಗೆ ತಿರುಚಿಕೊಂಡು ನಿಂತಿರುತ್ತದೆ. ಗೇರ್ ಹಲ್ಲುಗಳು ಒಂದನ್ನೊಂದು ಒತ್ತಿ ಹಿಡಿದಿರುತ್ತವೆ. ಆ ಒತ್ತಡ ಇರುವ ತನಕ ಜಾರುವ ಗೇರ್ ಜಾರಲ್ಲ, ಲಿವರ್ ಬರಲ್ಲ.

ಇಲ್ಲಿ ಎಲ್ಲರೂ ಮೊದಲು ಮಾಡುವುದು ಸ್ಯಾಡಲ್ ಚಕ್ರವನ್ನು ಹಿಂದಕ್ಕೆ ತಿರುಗಿಸಲು ನೋಡುವುದು. ಅದು ಆಗಲ್ಲ. ವರ್ಮ್ ತನ್ನ ವೀಲನ್ನು ತಿರುಗಿಸುತ್ತದೆ, ಆದರೆ ವೀಲ್ ಕಡೆಯಿಂದ ವರ್ಮನ್ನು ತಿರುಗಿಸಲು ಬರಲ್ಲ. ಬಲ ಹಾಕಿದರೆ ರ‍್ಯಾಕ್‌ನ ಪಿನಿಯನ್ ಹಲ್ಲು ಹೋಗುತ್ತದೆ. ಕ್ರಮ ಹೀಗಿರಲಿ.

ಮೊದಲು ಟೂಲ್ ಬಿಡಿಸಿ. ಉದ್ದ ಫೀಡ್ ಹತ್ತಿದ್ದರೆ ಕ್ರಾಸ್ ಸ್ಲೈಡ್ ಇನ್ನೂ ಕೈಗೆ ತಿರುಗುತ್ತದೆ. ಅದನ್ನು ಹಿಂದಕ್ಕೆ ತಿರುಗಿಸಿ ಟೂಲ್ ಹೊರಗೆ ತನ್ನಿ. ಅಡ್ಡ ಫೀಡ್ ಹತ್ತಿದ್ದರೆ ಸ್ಯಾಡಲ್ ಲಾಕ್ ಸಡಿಲಿಸಿ ಸ್ಯಾಡಲನ್ನು ಬಲಕ್ಕೆ ತನ್ನಿ. ಎರಡೂ ಆಗದಿದ್ದರೆ ಕಾಂಪೌಂಡ್ ಸ್ಲೈಡ್ ಇದೆ, ಅದೂ ಆಗದಿದ್ದರೆ ಟೂಲ್ ಪೋಸ್ಟ್‌ನ ನಟ್ ಸಡಿಲಿಸಿ. ಟೂಲ್ ಬಿಡಿಸದೇ ಸ್ಪಿಂಡಲ್ ಹಿಂದಕ್ಕೆ ತಿರುಗಿಸಿದರೆ ಕಾರ್ಬೈಡ್ ಟಿಪ್ ಸಿಡಿಯುತ್ತದೆ.

ಎಷ್ಟೋ ಸಲ ಇಷ್ಟಕ್ಕೇ ಲಿವರ್ ಬಿದ್ದುಬಿಡುತ್ತದೆ. ಬೀಳದಿದ್ದರೆ ಹೆಡ್‌ಸ್ಟಾಕನ್ನು ಕಡಿಮೆ ಸ್ಪೀಡ್‌ಗೆ ಹಾಕಿ, ಬೆಲ್ಟ್ ಹಿಡಿದು ಕೈಯಿಂದ ಹಿಂದಕ್ಕೆ ಎಳೆಯಿರಿ. ಕಾಲು ಸುತ್ತು, ಅರ್ಧ ಸುತ್ತು ಸಾಕು. ಎಳೆಯುತ್ತಲೇ ಇನ್ನೊಬ್ಬರು ಲಿವರನ್ನು ಎರಡು ಬೆರಳಲ್ಲಿ ಆಡಿಸಲಿ. ಒಂದು ಎಚ್ಚರ: ಚಕ್ ಥ್ರೆಡ್ ಮೇಲೆ ಕೂರುವ ಹಳೇ ಲೇತ್ ಆದರೆ ಚಕ್ ಹಿಡಿದು ಹಿಂದಕ್ಕೆ ತಿರುಗಿಸಬೇಡಿ. ಚಕ್ ಬಿಚ್ಚಿಕೊಂಡು ಬೆಡ್ ಮೇಲೆ ಬೀಳುತ್ತದೆ. ಬೆಲ್ಟ್ ಮಾತ್ರ ಎಳೆಯಿರಿ. ಮೋಟರ್ ರಿವರ್ಸ್ ಹಾಕಿ ಒಂದು ಝಟ್ಕಾ ಕೊಡೋಣ ಅನ್ನುವವರ ಮಾತನ್ನು ಕೇಳಲೇಬೇಡಿ.

ಸ್ಪಿಂಡಲ್ ಕೂಡ ತಿರುಗದಷ್ಟು ಬಿಗಿದಿದ್ದರೆ ಒಂದು ಒಳ್ಳೆ ದಾರಿ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಎಡಗಡೆ ಕವರ್ ತೆಗೆಯಿರಿ. ಚೇಂಜ್ ಗೇರ್‌ಗಳನ್ನು ಹೊತ್ತ ಪ್ಲೇಟ್ ಇರುತ್ತದೆ, ಅದನ್ನು ಒಂದು ದೊಡ್ಡ ನಟ್ ಹಿಡಿದಿರುತ್ತದೆ. ಆ ನಟ್ ಸಡಿಲಿಸಿ ಪ್ಲೇಟನ್ನು ಕೆಳಕ್ಕೆ ತೂಗಬಿಡಿ. ಪ್ಲೇಟ್ ಫಕ್ಕನೆ ಬೀಳಬಹುದು, ಹಾಗಾಗಿ ಬೆರಳು ಗೇರ್ ನಡುವೆ ಇರಬಾರದು. ಗೇರ್ ಬಿಟ್ಟ ಕೂಡಲೇ ತಿರುಚಿಕೊಂಡ ಒತ್ತಡ ಅಷ್ಟೂ ಇಳಿಯುತ್ತದೆ. ಈಗ ಕೆಳಗಿನ ಗೇರನ್ನು ಕೈಯಿಂದ ಹಿಂದಕ್ಕೆ ತಿರುಗಿಸಿದರೆ ಫೀಡ್ ಶಾಫ್ಟ್ ತಿರುಗಿ ಸ್ಯಾಡಲ್ ತಾಗಿದ ಜಾಗದಿಂದ ಸರಿಯುತ್ತದೆ. ಮತ್ತೆ ಪ್ಲೇಟ್ ಏರಿಸುವಾಗ ಎರಡು ಗೇರ್ ಹಲ್ಲಿನ ನಡುವೆ ಒಂದು ಪದರ ಕಾಗದ ಇಟ್ಟು ಬಿಗಿಯಿರಿ, ಆಮೇಲೆ ತಿರುಗಿಸಿ ಕಾಗದ ತೆಗೆಯಿರಿ. ಹಲ್ಲುಗಳ ನಡುವೆ ಬೇಕಾದಷ್ಟು ಸಡಿಲ ತಾನಾಗೇ ಉಳಿಯುತ್ತದೆ.

ಲಿವರ್ ಬದಲು ಸ್ಟಾರ್ ನಾಬ್ ತಿರುಗಿಸಿ ಫೀಡ್ ಹತ್ತಿಸುವ ಹಳೇ ಬೆಲ್ಟ್ ಲೇತ್ ನಿಮ್ಮದಾಗಿದ್ದರೆ ಒಳಗಿರುವುದು ಕೋನ್ ಕ್ಲಚ್. ಫೀಡ್ ಜಾರುತ್ತಿದೆ ಅಂತ ಜಾಸ್ತಿ ಬಿಗಿದರೆ ಕೋನ್ ಕಚ್ಚಿಕೊಳ್ಳುತ್ತದೆ. ಭಾರ ಇಳಿಸಿದ ಮೇಲೆ ನಾಬ್ ಅರ್ಧ ಸುತ್ತು ಸಡಿಲಿಸಿ, ಅದರ ಮುಖಕ್ಕೆ ನೈಲಾನ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಬಿಡುತ್ತದೆ.

ಹಂತ 4: ಹಲ್ಲಿಗೆ ಹಲ್ಲು ತಾಗಿದೆಯಾ?

ಹೆಡ್‌ಸ್ಟಾಕ್‌ನ ದಿಕ್ಕಿನ ಲಿವರ್, ಗೇರ್‌ಬಾಕ್ಸ್ ಲಿವರ್ ಹತ್ತದಿದ್ದರೆ ಇದೇ ಮೊದಲ ಅನುಮಾನ. ಗೇರ್‌ನ ಹಲ್ಲು ಎದುರಿನ ಸಂದಿಗೆ ಬರುವ ಬದಲು ಎದುರಿನ ಹಲ್ಲಿನ ತುದಿಗೆ ಕೂತಿರುತ್ತದೆ. ಲಿವರ್ ಮೇಲೆ ಹಗುರ ಒತ್ತಡ ಇಟ್ಟು ಸ್ಪಿಂಡಲನ್ನು ಕೈಯಿಂದ ಸಣ್ಣಗೆ ಆಡಿಸಿ. ಕಟ್ ಅಂತ ಕೂರುತ್ತದೆ. ಪಿನ್ ಇರುವ ಲಿವರ್ ಆದರೆ ಪಿನ್ ಪೂರ್ತಿ ಎಳೆದಿದ್ದೀರಾ ನೋಡಿ. ಓಡುವ ಮಶೀನ್‌ನಲ್ಲಿ ಈ ಲಿವರ್‌ಗಳನ್ನು ಬದಲಿಸಬಾರದು. ಹಾಗೆ ಬದಲಿಸಿ ಹಲ್ಲಿನ ಮೂಲೆಗಳು ಬಡಿದು ದಪ್ಪಗಾದ ಮೇಲೆ ಲಿವರ್ ಪ್ರತಿಸಲ ಹಟ ಹಿಡಿಯುತ್ತದೆ.

ಹಂತ 5: ಕೊಳೆ ತೊಳೆಯಿರಿ, ಎಣ್ಣೆ ಕೊಡಿ

ಭಾರ ಇಲ್ಲ, ಲಾಕ್ ಇಲ್ಲ, ಆದರೂ ಲಿವರ್ ಗೋಂದಿನಲ್ಲಿ ಅದ್ದಿದಂತೆ ಬಿಗಿಯಾಗಿದ್ದರೆ ಅದು ಕೊಳೆ. ನಮ್ಮ ಜಿಲ್ಲೆಯಲ್ಲಿ ಇದು ಬೇರೆ ಊರಿಗಿಂತ ಜಾಸ್ತಿ ಅಂತ ನನ್ನ ಅಭಿಪ್ರಾಯ. ಶಹಾಬಾದ್ ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಘಟಕಗಳ ಪಕ್ಕದಲ್ಲೇ ವರ್ಕ್‌ಶಾಪ್‌ಗಳಿವೆ. ಅಲ್ಲಿಯ ಸ್ಪಿಂಡಲ್‌ಗಳು ಕಲ್ಲಿನ ಕೆಸರು ಮೆತ್ತಿಕೊಂಡೇ ಲೇತ್ ಏರುತ್ತವೆ. ಬೇಳೆ ಮಿಲ್‌ನ ಎಮರಿ ರೋಲರ್ ಶಾಫ್ಟ್ ರಿಪೇರಿಗೆ ಬಂದಾಗ ಎಮರಿ ಹುಡಿ ಬೆಡ್ ಮೇಲೆ ಉದುರುತ್ತದೆ. ಈ ಹುಡಿ ಎಣ್ಣೆ ಜೊತೆ ಸೇರಿದರೆ ವಾಲ್ವ್ ಉಜ್ಜುವ ಪೇಸ್ಟ್ ಥರ ಆಗುತ್ತದೆ. ಲಿವರ್ ಶಾಫ್ಟನ್ನೂ ಅದರ ತೂತನ್ನೂ ತಿನ್ನುತ್ತದೆ.

ಬೋರ್‌ವೆಲ್ ನೀರು ಇನ್ನೊಂದು ಕಾರಣ. ಗಡಸು ನೀರಿಗೆ ಕೂಲಂಟ್ ಎಣ್ಣೆ ಕಡಿಮೆ ಹಾಕಿ ಬಳಸಿದರೆ ಲಿವರ್ ಬುಡದಲ್ಲಿ ಬಿಳಿ ಪದರ ಕಟ್ಟುತ್ತದೆ, ಅದರ ಕೆಳಗೆ ತುಕ್ಕು. ಎರಡು ವಾರ ಮಶೀನ್ ನಿಂತರೆ ಸಾಕು, ಲಿವರ್ ಹಿಡಿಯುತ್ತದೆ.

ಮೊದಲು ಬ್ರಷ್‌ನಿಂದ ಲಿವರ್ ಬುಡ ಒರೆಸಿ. ಏರ್ ಹೊಡೆಯಬೇಡಿ. ಕಂಪ್ರೆಸರ್ ಗಾಳಿ ಹುಡಿಯನ್ನು ಹೊರಗೆ ತಳ್ಳಲ್ಲ, ಸಂದಿಯೊಳಗೆ ತುರುಕುತ್ತದೆ. ಆಮೇಲೆ ಲಿವರ್ ಶಾಫ್ಟ್ ಸುತ್ತ ಸೀಮೆಎಣ್ಣೆ ಬಿಟ್ಟು ಅರ್ಧ ಗಂಟೆ ಸುಮ್ನೆ ಬಿಡಿ. ಹತ್ತಿರ ಗ್ರೈಂಡಿಂಗ್, ವೆಲ್ಡಿಂಗ್ ಬೇಡ, ಬೀಡಿ ಸಿಗರೇಟ್ ಬೇಡ. ಲಿವರನ್ನು ಎರಡೂ ಕಡೆ ಸಣ್ಣ ಸಣ್ಣಗೆ ಆಡಿಸಿ. ಹಿಡಿದ ಲಿವರ್ ಕೂದಲಷ್ಟು ಆಡಿದರೂ ಅದು ಗೆಲುವು, ಮತ್ತೆ ಸೀಮೆಎಣ್ಣೆ ಬಿಡಿ. ತಟ್ಟುವುದಾದರೆ ಲಿವರ್‌ನ ತುದಿಗೆ ಅಲ್ಲ, ಬುಡದ ಗುಬ್ಬಿಗೆ, ನೈಲಾನ್ ಸುತ್ತಿಗೆಯಿಂದ. ಗ್ಯಾಸ್ ಕಟರ್‌ನಿಂದ ಬಿಸಿ ಮಾಡಬೇಡಿ. ಒಳಗಿನ ಆಯಿಲ್ ಸೀಲ್ ಸುಡುತ್ತದೆ, ಬೀಡು ಸೀಳುತ್ತದೆ.

ಕಪ್ಪು ಕೊಳೆ ಇಳಿದು ಸೀಮೆಎಣ್ಣೆ ತಿಳಿಯಾಗಿ ಬರುವ ತನಕ ತೊಳೆದು, ಬಟ್ಟೆಯಿಂದ ಒರೆಸಿ, 68 ನಂಬರ್ ಎಣ್ಣೆ ಬಿಡಿ. ಸೀಮೆಎಣ್ಣೆ ಒಳಗೆ ಉಳಿದರೆ ಎಣ್ಣೆಯನ್ನು ತೆಳು ಮಾಡುತ್ತದೆ. ತುಂಬಾ ಇಳಿದಿದೆ ಅನ್ನಿಸಿದರೆ ಏಪ್ರನ್ ಎಣ್ಣೆ ಪೂರ್ತಿ ಬದಲಿಸಿ. ಎಣ್ಣೆ ಹಾಕುವ ಜಾಗದಲ್ಲಿ ಗ್ರೀಸ್ ತುಂಬುವುದು ದೊಡ್ಡ ತಪ್ಪು. ಗ್ರೀಸ್ ಹುಡಿಯನ್ನು ಹಿಡಿದಿಡುತ್ತದೆ, ಡಿಸೆಂಬರ್ ಬೆಳಗಿನ ಚಳಿಗೆ ಗಟ್ಟಿಯಾಗುತ್ತದೆ. ಬೆಳಗ್ಗೆ ಬಿಗಿ, ಮಧ್ಯಾಹ್ನ ಸಡಿಲ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದೇ ಗ್ರೀಸ್ ಹಾಕಿದ್ದೀರಾ ಅಂತ.

ಹಂತ 6: ಗುಂಡು ಮತ್ತು ಸ್ಪ್ರಿಂಗ್

ಲಿವರ್ ತನ್ನ ಜಾಗದಲ್ಲಿ ಕಟ್ ಅಂತ ನಿಲ್ಲಲು ಬುಡದಲ್ಲಿ ಒಂದು ಸ್ಟೀಲ್ ಗುಂಡು, ಅದರ ಹಿಂದೆ ಸ್ಪ್ರಿಂಗ್, ಹೊರಗಿನಿಂದ ಅದನ್ನು ಒತ್ತುವ ಗ್ರಬ್ ಸ್ಕ್ರೂ ಇರುತ್ತದೆ. ಫೀಡ್ ತಾನಾಗೇ ಬಿಟ್ಟುಹೋಗುತ್ತಿದೆ ಅಂತ ಯಾರೋ ಆ ಸ್ಕ್ರೂ ಬಿಗಿದಿರುತ್ತಾರೆ. ಸ್ಪ್ರಿಂಗ್ ಪೂರ್ತಿ ಮುದುಡಿ ಗುಂಡು ಅಲುಗದಂತಾಗುತ್ತದೆ.

ಸ್ಕ್ರೂವನ್ನು ಎಷ್ಟು ಸುತ್ತು ತಿರುಗಿಸಿದಿರಿ ಅಂತ ಎಣಿಸುತ್ತಾ ಬಿಚ್ಚಿ. ಕೆಳಗೆ ಬಟ್ಟೆ ಹಾಸಿರಿ, ಗುಂಡು ಉರುಳಿ ಟ್ರೇಯ ಬುರಾದಕ್ಕೆ ಬಿದ್ದರೆ ಹುಡುಕುವುದು ಕಷ್ಟ. ಸ್ಕ್ರೂ, ಸ್ಪ್ರಿಂಗ್, ಗುಂಡು ಹೊರಗೆ ಬಂದ ಮೇಲೆ ಲಿವರ್ ಆಡಿಸಿ. ಈಗ ಸಲೀಸಾಗಿ ಆಡಿದರೆ ಕಾರಣ ಇಲ್ಲೇ ಇದೆ. ಸ್ಪ್ರಿಂಗ್ ತುಂಡಾಗಿದ್ದರೆ ಅದರ ಚೂರು ಗುಂಡಿನ ಪಕ್ಕ ಸಿಕ್ಕಿರುತ್ತದೆ, ಮ್ಯಾಗ್ನೆಟ್‌ನಿಂದ ತೆಗೆಯಿರಿ. ಗುಂಡಿಗೆ ಚಪ್ಪಟೆ ಬಿದ್ದಿದ್ದರೆ ಕ್ಯಾಲಿಪರ್‌ನಲ್ಲಿ ಅಳೆದು ಅದೇ ಅಳತೆಯ ಬೇರಿಂಗ್ ಗುಂಡು ಹಾಕಿ. ಪೆನ್ನಿನ ಸ್ಪ್ರಿಂಗ್ ಹಾಕಿ ಕೆಲಸ ಸಾಗಿಸಬೇಡಿ. ಕಟ್ ನಡುವೆ ಲಿವರ್ ತಾನಾಗೇ ಹತ್ತಿದರೆ ಆಗುವ ಅನಾಹುತ ದೊಡ್ಡದು.

ಸ್ಪ್ರಿಂಗ್ ಸರಿ ಇದ್ದೂ ಫೀಡ್ ಬಿಟ್ಟುಹೋಗುತ್ತಿತ್ತು ಅಂದರೆ ಒಳಗೆ ಹಲ್ಲು ಅಥವಾ ಫೋರ್ಕ್ ಸವೆದಿದೆ. ಸ್ಕ್ರೂ ಬಿಗಿದರೆ ಅದು ಸರಿಯಾಗಲ್ಲ.

ಹಂತ 7: ಫೀಡ್ ಶಾಫ್ಟ್ ಬಾಗಿದೆಯಾ?

ಲಿವರ್ ಬೆಡ್‌ನ ಒಂದು ಜಾಗದಲ್ಲಿ ಹಿಡಿದು ಇನ್ನೊಂದು ಜಾಗದಲ್ಲಿ ಸರಿ ಇದ್ದರೆ ಲಿವರ್ ಬಿಟ್ಟು ಶಾಫ್ಟ್ ನೋಡಿ. ಹಂತ 3ರಂತೆ ಚೇಂಜ್ ಗೇರ್ ಬಿಡಿಸಿ, ಗೇರ್‌ಬಾಕ್ಸ್ ನ್ಯೂಟ್ರಲ್‌ಗೆ ತಂದು ಶಾಫ್ಟನ್ನು ಕೈಯಿಂದ ತಿರುಗಿಸಿ. ಪ್ರತಿ ಸುತ್ತಿಗೆ ಒಂದೇ ಜಾಗದಲ್ಲಿ ಬಿಗಿ ಬಂದರೆ ಬಾಗಿದೆ. ಡಯಲ್ ಗೇಜ್ ಇಟ್ಟರೆ ಎಲ್ಲಿ ಅಂತಲೂ ಗೊತ್ತಾಗುತ್ತದೆ.

ಭಾರದ ಚಕ್ ಏರಿಸುವಾಗ, ಮೇಲಿನ ಬೆಲ್ಟ್ ಬದಲಿಸುವಾಗ ಫೀಡ್ ಶಾಫ್ಟ್ ಮೇಲೆ ಕಾಲಿಟ್ಟು ಹತ್ತುವವರನ್ನು ನೋಡಿದ್ದೇನೆ. ಬಾಗುವುದು ಹೀಗೇ. ಹುಡುಗರಿಗೆ ಮೊದಲ ದಿನವೇ ಹೇಳಿ, ಒಂದು ಕಟ್ಟಿಗೆಯ ಮೆಟ್ಟಿಲು ಮಾಡಿಸಿ ಇಡಿ.

ಇದೇ ಹಂತದಲ್ಲಿ ಶಿಯರ್ ಪಿನ್ ನೋಡಿ. ಎಷ್ಟೋ ಲೇತ್‌ಗಳಲ್ಲಿ ಶಾಫ್ಟ್ ಗೇರ್‌ಬಾಕ್ಸ್‌ಗೆ ಸೇರುವಲ್ಲಿ ಒಂದು ಸಣ್ಣ ಪಿನ್ ಇರುತ್ತದೆ. ಭಾರ ಜಾಸ್ತಿಯಾದರೆ ತಾನು ತುಂಡಾಗಿ ಗೇರ್ ಉಳಿಸುವುದೇ ಅದರ ಕೆಲಸ. ಅದು ತುಂಡಾಗಿದ್ದರೆ ಲಿವರ್ ಹತ್ತುತ್ತದೆ, ಫೀಡ್ ಹೋಗಲ್ಲ. ಮೊದಲು ಇದ್ದ ಅಳತೆಯ ಮೆತ್ತನೆ ಪಿನ್ನನ್ನೇ ಹಾಕಿ. ಮುರಿದ ಡ್ರಿಲ್ ಬಿಟ್‌ನ ತುಂಡು ಹಾಕಿದರೆ ಮುಂದಿನ ಸಲ ತುಂಡಾಗುವುದು ಗೇರ್.

ಏಪ್ರನ್ ಬಿಚ್ಚಲೇಬೇಕು ಅನ್ನುವ ಲಕ್ಷಣಗಳು

ಏಳೂ ಹಂತ ಮುಗಿದು ಲಿವರ್ ಬಿಗಿಯಾಗೇ ಇದ್ದರೆ ಬಿಚ್ಚಬೇಕು. ಅದಕ್ಕೆ ಮೊದಲೂ ಕೆಲವು ಲಕ್ಷಣ ಕಂಡರೆ ಕಾಯಬೇಡಿ. ಲಿವರ್ ಪೂರ್ತಿ ತಿರುಗುತ್ತದೆ, ಆದರೆ ಒಳಗೆ ಏನೂ ಹತ್ತಲ್ಲ: ಟೇಪರ್ ಪಿನ್ ತುಂಡಾಗಿದೆ. ಎಣ್ಣೆಯಲ್ಲಿ ಚಿನ್ನದ ಬಣ್ಣದ ಹುಡಿ ಮಿನುಗುತ್ತದೆ: ಗನ್‌ಮೆಟಲ್ ವರ್ಮ್ ವೀಲ್ ಸವೆಯುತ್ತಿದೆ. ಎಣ್ಣೆ ಹಾಲಿನಂತೆ ಬಿಳಿಯಾಗಿದೆ: ಕೂಲಂಟ್ ಒಳಗೆ ಹೋಗಿದೆ. ಫೀಡ್ ಹೋಗುವಾಗ ಟಕ್ ಟಕ್ ಅಂತ ಒಂದೇ ಲಯದ ಸದ್ದು ಬರುತ್ತದೆ: ಹಲ್ಲು ಮುರಿದಿದೆ, ಆ ತುಂಡು ಇನ್ನೂ ಒಳಗೇ ಇದೆ. ಕೊನೆಯದ್ದು ಕೇಳಿದ ಮೇಲೆ ಇನ್ನೊಂದು ಜಾಬ್ ಕೂಡ ಹಾಕಬೇಡಿ.

ಹಂತ 8: ಏಪ್ರನ್ ಇಳಿಸುವುದು

ಒಬ್ಬರೇ ಮಾಡುವ ಕೆಲಸ ಅಲ್ಲ. ಇಬ್ಬರು ಬೇಕು, ಅರ್ಧ ದಿನ ಬೇಕು.

ಟೇಲ್‌ಸ್ಟಾಕ್ ತೆಗೆದು ಸ್ಯಾಡಲನ್ನು ಬಲತುದಿಗೆ ತನ್ನಿ. ಏಪ್ರನ್ ಎಣ್ಣೆ ಖಾಲಿ ಮಾಡಿ, ಒಂದು ಬಿಳಿ ಬಟ್ಟೆಯ ಮೂಲಕ ಸೋಸಿ, ಬಟ್ಟೆಯಲ್ಲಿ ಏನು ಉಳಿಯಿತು ನೋಡಿ. ಏಪ್ರನ್ ಕೆಳಗೆ ಮರದ ದಿಮ್ಮಿ, ಅದರ ಕೆಳಗೆ ಜಾಕ್ ಇಟ್ಟು ಭಾರ ತಾಗುವಷ್ಟು ಮಾತ್ರ ಏರಿಸಿ.

ಬಲತುದಿಯ ಬ್ರಾಕೆಟ್‌ಗೆ ಲೀಡ್ ಸ್ಕ್ರೂ, ಫೀಡ್ ಶಾಫ್ಟ್ ಎರಡೂ ಸೇರುತ್ತವೆ. ಅದರ ಡವೆಲ್ ಪಿನ್ ಮೊದಲು, ಬೋಲ್ಟ್ ಆಮೇಲೆ. ಬ್ರಾಕೆಟ್ ಹೊರಗೆ ಬಂದ ಮೇಲೆ ಹಾಫ್ ನಟ್ ಬಿಟ್ಟು, ಎಡಗಡೆಯ ಕಪ್ಲಿಂಗ್ ಪಿನ್ ತೆಗೆದು, ಶಾಫ್ಟ್‌ಗಳನ್ನು ಬಲಕ್ಕೆ ಎಳೆಯಿರಿ. ಫೀಡ್ ಶಾಫ್ಟ್ ಹೊರಗೆ ಬರುವಾಗ ವರ್ಮ್ ಒಳಗಿನ ಕೀ ಬೀಳುವ ಸಂಭವ ಇದೆ, ಕೆಳಗೆ ಕೈ ಹಿಡಿಯಿರಿ. ಶಾಫ್ಟ್‌ಗಳನ್ನು ನೆಲದ ಮೇಲೆ ಉದ್ದಕ್ಕೆ ಮಲಗಿಸಿ, ಗೋಡೆಗೆ ಒರಗಿಸಬೇಡಿ.

ಕೊನೆಗೆ ಸ್ಯಾಡಲ್ ಮೇಲಿನಿಂದ ಏಪ್ರನ್ ಹಿಡಿದ ಬೋಲ್ಟ್‌ಗಳು. ಎಲ್ಲವನ್ನೂ ಅರ್ಧ ಅರ್ಧ ಸಡಿಲಿಸಿ, ಆಮೇಲೆ ಪೂರ್ತಿ ಬಿಚ್ಚಿ. ಬೆರಳು ಏಪ್ರನ್ ಮತ್ತು ಬೆಡ್ ನಡುವೆ ಇರಲೇಬಾರದು.

ಹಂತ 9: ಒಳಗೆ ಏನು ನೋಡಬೇಕು

ತೊಳೆಯುವ ಮೊದಲು ನೋಡಿ. ಕೊಳೆ ಎಲ್ಲಿ ದಪ್ಪಗಿದೆ, ಹೊಳೆಯುವ ಉಜ್ಜಿದ ಗುರುತು ಎಲ್ಲಿದೆ ಅನ್ನುವುದು ತೊಳೆದ ಮೇಲೆ ಕಾಣಲ್ಲ.

ಲಿವರ್ ಶಾಫ್ಟ್‌ನಿಂದ ಶುರು ಮಾಡಿ. ಟೇಪರ್ ಪಿನ್ ಹೊಡೆಯುವಾಗ ಸಣ್ಣ ತುದಿ ಹುಡುಕಿ ಅಲ್ಲಿಂದ ಹೊಡೆಯಬೇಕು. ಮೆಟ್ರಿಕ್ ಪಿನ್‌ನ ಇಳಿಜಾರು 50ಕ್ಕೆ 1, ಕಣ್ಣಿಗೆ ಗೊತ್ತಾಗಲ್ಲ. ಎರಡೂ ತುದಿಗಳನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ. ದಪ್ಪ ತುದಿಯಿಂದ ಹೊಡೆದರೆ ಪಿನ್ ಇನ್ನಷ್ಟು ಬಿಗಿಯುತ್ತದೆ, ತಲೆ ಚಪ್ಪಟೆಯಾಗುತ್ತದೆ, ಕೊನೆಗೆ ಡ್ರಿಲ್ ಮಾಡಬೇಕಾಗುತ್ತದೆ.

ಶಾಫ್ಟ್ ಮೇಲೆ ಗೀರು, ಉಬ್ಬು ಇದ್ದರೆ ಉಬ್ಬನ್ನಷ್ಟೇ ಎಣ್ಣೆಕಲ್ಲಿನಿಂದ ತೆಗೆಯಿರಿ. ಇಡೀ ಶಾಫ್ಟಿಗೆ ಎಮರಿ ಪೇಪರ್ ಹಾಕಿದರೆ ಸಡಿಲ ಜಾಸ್ತಿಯಾಗಿ ಇಂಟರ್‌ಲಾಕ್ ತಪ್ಪುತ್ತದೆ. ಗೇರ್ ಸರಿಸುವ ಫೋರ್ಕ್‌ನ ಎರಡು ಕಾಲು ಸಮ ಇವೆಯಾ ನೋಡಿ. ಒಂದೇ ಕಾಲು ಸವೆದಿದ್ದರೆ ಗೇರ್ ವಾರೆಯಾಗಿ ಸರಿದು ಶಾಫ್ಟಿಗೆ ಕಚ್ಚುತ್ತದೆ. ವರ್ಮ್ ವೀಲ್‌ನ ಹಲ್ಲಿನ ತುದಿ ಚಾಕುವಿನಂತೆ ಚೂಪಾಗಿದ್ದರೆ ಬದಲಿಸುವ ಕಾಲ ಬಂದಿದೆ. ಹೊಸದು ಮಾಡಿಸುವಾಗ ಹಳೇ ವೀಲ್ ಜೊತೆ ವರ್ಮನ್ನೂ ಕೊಡಿ. ಸವೆದ ಹಲ್ಲು ಒಂದನ್ನೇ ನೋಡಿ ಮಾಡಿದ ವೀಲ್ ಸರಿಯಾಗಿ ಕೂರಲ್ಲ.

ಮುರಿದ ಹಲ್ಲು ಸಿಕ್ಕರೆ ಅದರ ತುಂಡು ಸಿಗುವ ತನಕ ಹುಡುಕಿ.

ಹಂತ 10: ಮತ್ತೆ ಕೂಡಿಸುವುದು

ಬಿಚ್ಚಿದ ಕ್ರಮಕ್ಕೆ ತಿರುಗುಮುರುಗು. ಹೆಚ್ಚು ಜನ ತಪ್ಪುವುದು ಕೊನೆಯ ಬ್ರಾಕೆಟ್‌ನಲ್ಲಿ. ಅದನ್ನು ಮೊದಲೇ ಬಿಗಿದುಬಿಡುತ್ತಾರೆ. ಶಾಫ್ಟ್ ಮತ್ತು ಏಪ್ರನ್ ಒಂದೇ ಸಾಲಿಗೆ ಬರದೆ ಲಿವರ್ ಮತ್ತೆ ಹಿಡಿಯುತ್ತದೆ, ಮಾಡಿದ್ದೆಲ್ಲ ವ್ಯರ್ಥ ಅನ್ನಿಸುತ್ತದೆ.

ಬ್ರಾಕೆಟ್ ಬೋಲ್ಟ್‌ಗಳನ್ನು ಕೈಬಿಗಿಯಲ್ಲಿ ಬಿಡಿ. ಸ್ಯಾಡಲನ್ನು ಬ್ರಾಕೆಟ್ ಹತ್ತಿರ ತಂದು ಹಾಫ್ ನಟ್ ಮುಚ್ಚಿ. ಶಾಫ್ಟ್ ತನ್ನ ಜಾಗ ತಾನೇ ಹುಡುಕಿಕೊಳ್ಳುತ್ತದೆ. ಈಗ ಡವೆಲ್ ಪಿನ್ ಹಾಕಿ, ಬೋಲ್ಟ್ ಬಿಗಿಯಿರಿ. ಹಾಫ್ ನಟ್ ಬಿಡಿಸಿ ಫೀಡ್ ಶಾಫ್ಟ್ ಕೈಗೆ ಹಗುರವಾಗಿ ತಿರುಗುತ್ತದಾ ನೋಡಿ. ಎಣ್ಣೆಯನ್ನು ಗಾಜಿನ ಗುರುತಿನ ತನಕ ಮಾತ್ರ ತುಂಬಿ.

ಹಂತ 11: ಟ್ರಯಲ್

ಕರೆಂಟ್ ಕೊಡುವ ಮೊದಲು ಇಂಟರ್‌ಲಾಕ್ ಪರೀಕ್ಷೆ. ಹಾಫ್ ನಟ್ ಹಾಕಿ ಫೀಡ್ ಲಿವರ್ ಆಡಿಸಿ, ಅಲುಗಬಾರದು. ಫೀಡ್ ಹಾಕಿ ಹಾಫ್ ನಟ್ ಆಡಿಸಿ, ಅದೂ ಅಲುಗಬಾರದು. ಎರಡರಲ್ಲಿ ಒಂದು ಅಲುಗಿದರೂ ಮಶೀನ್ ಓಡಿಸಬೇಡಿ.

ಆಮೇಲೆ ಚಕ್‌ನಲ್ಲಿ ಜಾಬ್ ಇಲ್ಲದೆ, ದವಡೆ ಒಳಗೆ ತಂದು, ಅತಿ ಕಡಿಮೆ ಸ್ಪೀಡ್‌ನಲ್ಲಿ ಫೀಡ್ ಹತ್ತಿಸಿ ಬಿಡಿಸಿ. ಉದ್ದಕ್ಕೆ ಹತ್ತು ಸಲ, ಅಡ್ಡಕ್ಕೆ ಹತ್ತು ಸಲ. ಬೆಡ್‌ನ ಎಡ, ನಡು, ಬಲ ಮೂರು ಕಡೆ ಮಾಡಿ. ಸರಿ ಇದ್ದರೆ ಒಂದು ಎಂಎಸ್ (ಮೆತ್ತನೆ ಉಕ್ಕಿನ) ರಾಡ್ ಕಟ್ಟಿ 0.5 ಮಿ.ಮೀ. ಕಟ್, ಸುತ್ತಿಗೆ 0.1 ಮಿ.ಮೀ. ಫೀಡ್ ಕೊಡಿ. ಕಟ್ ನಡೆಯುತ್ತಿರುವಾಗಲೇ ಲಿವರ್ ಬಿಡಿಸಿ. ಎರಡು ಬೆರಳಿಗೆ ಬೀಳಬೇಕು. ಅಂಗೈ ಬಲ ಬೇಕಾದರೆ ಹಂತ 10ಕ್ಕೆ ಹೋಗಿ ಬ್ರಾಕೆಟ್ ಮತ್ತೆ ನೋಡಿ. ಒಂದು ವಾರ ಓಡಿಸಿದ ಮೇಲೆ ಏಪ್ರನ್ ಎಣ್ಣೆ ಒಮ್ಮೆ ಇಳಿಸಿ ಬಿಳಿ ಬಟ್ಟೆಯಲ್ಲಿ ಸೋಸಿ. ಹೊಸ ವೀಲ್ ಹಾಕಿದ್ದರೆ ಮೊದಲ ವಾರ ಸ್ವಲ್ಪ ಹುಡಿ ಬರುತ್ತದೆ. ಎರಡನೇ ಸಲವೂ ಅಷ್ಟೇ ಬಂದರೆ ವರ್ಮ್ ಮತ್ತು ವೀಲ್ ಒಂದೇ ಸಾಲಿನಲ್ಲಿ ಇಲ್ಲ, ಮತ್ತೆ ಇಳಿಸಬೇಕು.